ಸಂಜ್ಞೆ, ಸನ್ನೆ, ಕಣ್ಸನ್ನೆ

ಶಾಲೆಯ ಕನ್ನಡ ವ್ಯಾಕರಣವನ್ನು ತೆರೆದರೆ ಮೊದಲು ಸಿಗುವುದು ಸಂಜ್ಞಾ ಪ್ರಕರಣ: ಸ್ವರ, ವ್ಯಂಜನ, ಯೋಗವಾಹ ಎಂದು ವರ್ಣಗಳಿಗೆ ಹೆಸರಿಟ್ಟು, ಇನ್ನು ಮುಂದಿನ ಮಾತೆಲ್ಲ ಈ ಹೆಸರುಗಳನ್ನು ನಂಬಿಯೇ ನಡೆಯುತ್ತದೆ ಎಂದು ಕಲಿಸುವವರೂ ಕಲಿಯುವವರೂ ಒಪ್ಪಂದ ಮಾಡಿಕೊಳ್ಳುವ ಜಾಗ ಅದು. ಅದೇ ಪದ ನ್ಯಾಯಾಲಯದ ಕಾಗದದಲ್ಲಿ ಸಂಜ್ಞೇಯ ಅಪರಾಧವಾಗುತ್ತದೆ, ಮೂರ್ಛೆ ತಿಳಿದವನಿಗೆ ಮರಳಿ ಬರುವ ಎಚ್ಚರವಾಗುತ್ತದೆ, ಪುರಾಣದಲ್ಲಿ ಸೂರ್ಯನ ಹೆಂಡತಿಯಾಗುತ್ತದೆ, ಮನೆಯ ಜಗಲಿಗೆ ಬಂದರೆ ಸನ್ನೆಯಾಗಿ ಕಣ್ಣು, ಹುಬ್ಬು, ಬೆರಳುಗಳಲ್ಲಿ ಸೇರಿಕೊಳ್ಳುತ್ತದೆ. ಈಗ ಅದಕ್ಕೆ ಇನ್ನೊಂದು ನೆಲೆಯೂ ಕಾದಿದೆ. ಜೀವಕೋಶಗಳು ರಾಸಾಯನಿಕಗಳ ಮೂಲಕ ಪರಸ್ಪರ ತಿಳಿಸಿಕೊಳ್ಳುವ ವ್ಯವಹಾರವನ್ನು ಕನ್ನಡದಲ್ಲಿ ಸಂಕೇತ ಎನ್ನಬೇಕೋ ಸಂಜ್ಞೆ ಎನ್ನಬೇಕೋ, ಅಥವಾ ಇನ್ನೂ ಹತ್ತಿರದ ಸನ್ನೆಯನ್ನೇ ಕರೆಯಬೇಕೋ? ಇನ್ಸುಲಿನ್ನನ್ನು ಕಣ್ಣಿಗೆ ಹನಿಯಾಗಿ ಹಾಕಿದರೆ ಅಕ್ಷಿಪಟಲದ ಕೋಶಗಳೊಳಗೆ ಏನು ನಡೆಯುತ್ತದೆ ಎಂಬ ಸಂಶೋಧನೆಯನ್ನು ನಮ್ಮ ಮಾತಿನಲ್ಲಿ ಹೇಳಹೊರಟರೆ ಈ ಪ್ರಶ್ನೆಯನ್ನು ದಾಟಿಯೇ ಹೋಗಬೇಕು. ಪದದ ವಂಶಾವಳಿಯನ್ನು ನಿಧಾನವಾಗಿ ಬಿಡಿಸಿ ನೋಡಿದರೆ, ಉತ್ತರದ ಬಹುಪಾಲು ಅಲ್ಲೇ ಇದೆ ಎಂದು ನನಗನ್ನಿಸುತ್ತದೆ.

ಜ್ಞಾ ಧಾತುವಿಗೆ ಅರಿ ಎಂದು ಅರ್ಥ. ಅದರ ಮುಂದೆ ಸಮ್ ಎಂಬ ಉಪಸರ್ಗ ಬಂದು ನಿಂತರೆ ಒಟ್ಟಾಗಿ ಅರಿ, ಒಮ್ಮನಸ್ಸಾಗು, ಒಪ್ಪು ಎಂಬ ಛಾಯೆ ಕೂಡುತ್ತದೆ. ಋಗ್ವೇದದ ಕಟ್ಟಕಡೆಯ ಸೂಕ್ತವನ್ನು ಸಂಜ್ಞಾನ ಸೂಕ್ತವೆಂದು ಕರೆಯುವ ವಾಡಿಕೆಯಿದೆ. ಅಲ್ಲಿನ ಆಶಯ ಐಕಮತ್ಯ, ಎಲ್ಲರ ಮನಸ್ಸೂ ಒಂದೆಡೆ ಸೇರಬೇಕೆಂಬುದು. ಆದ್ದರಿಂದ ಸಂಜ್ಞೆ ಹುಟ್ಟಿನಿಂದಲೇ ಒಬ್ಬಂಟಿಯಲ್ಲ. ಕನಿಷ್ಠ ಇಬ್ಬರಿಲ್ಲದೆ ಅದಕ್ಕೆ ಬಾಳಿಲ್ಲ. ಪಾಣಿನಿಯ ಪರಂಪರೆಯಲ್ಲಿ ಸೂತ್ರಗಳನ್ನು ಸಂಜ್ಞಾ, ಪರಿಭಾಷಾ, ವಿಧಿ, ನಿಯಮ, ಅತಿದೇಶ, ಅಧಿಕಾರ ಎಂದು ವಿಂಗಡಿಸುವಾಗ ಸಂಜ್ಞೆಗೆ ಮೊದಲ ಪೀಠ ಸಿಕ್ಕಿರುವುದೂ ಇದೇ ಕಾರಣಕ್ಕೆ: ಹೇಳುವವನೂ ಕೇಳುವವನೂ ಒಂದು ಹೆಸರಿಗೆ ಒಂದೇ ವಸ್ತುವನ್ನು ಕಾಣದಿದ್ದರೆ ಮುಂದಿನ ಯಾವ ವಿಧಿಯೂ ನಡೆಯದು. ಹಿಂದಿ ವ್ಯಾಕರಣ ನಾಮಪದವನ್ನೇ ಸಂಜ್ಞಾ ಎಂದು ಕರೆದು ಆ ಹಳೆಯ ಅರ್ಥದ ಒಂದು ತುಂಡನ್ನು ಇಂದಿಗೂ ಕಾಪಾಡಿಕೊಂಡಿದೆ.

ಇನ್ನೊಂದು ಕವಲು ಒಳಮುಖವಾಗಿ ಹರಿಯಿತು. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಯಾಜ್ಞವಲ್ಕ್ಯ, ದೇಹ ಬಿಟ್ಟ ಮೇಲೆ ಸಂಜ್ಞೆ ಉಳಿಯುವುದಿಲ್ಲ ಎಂದಾಗ ಮೈತ್ರೇಯಿ ತಬ್ಬಿಬ್ಬಾಗುತ್ತಾಳೆ. ಇಲ್ಲಿ ಸಂಜ್ಞೆ ಎಂದರೆ ಗುರುತೂ ಅಲ್ಲ, ಹೆಸರೂ ಅಲ್ಲ, ಇದು ನಾನು, ಅದು ಬೇರೆ ಎಂದು ಬಿಡಿಬಿಡಿಯಾಗಿ ಅರಿಯುವ ಎಚ್ಚರ. ಬೌದ್ಧರು ರೂಪ, ವೇದನೆ, ಸಂಜ್ಞೆ, ಸಂಸ್ಕಾರ, ವಿಜ್ಞಾನ ಎಂಬ ಪಂಚಸ್ಕಂಧಗಳಲ್ಲಿ ಅದಕ್ಕೆ ಮೂರನೆಯ ಸ್ಥಾನ ಕೊಟ್ಟು, ಕಂಡದ್ದನ್ನು ಇಂಥದ್ದೆಂದು ಗುರುತುಹಿಡಿಯುವ ಶಕ್ತಿ ಎಂಬರ್ಥದಲ್ಲಿ ಪಾಲಿಯ ಸಞ್ಞಾ ರೂಪವನ್ನು ಬಳಸಿದರು. ಜೈನರಂತೂ ಜೀವಿಗಳನ್ನೇ ಸಂಜ್ಞಿ, ಅಸಂಜ್ಞಿ ಎಂದು ಎರಡಾಗಿ ಒಡೆದರು. ಮನಸ್ಸುಳ್ಳವು ಒಂದು ಕಡೆ, ಇಲ್ಲದವು ಇನ್ನೊಂದು ಕಡೆ. ಆದರೂ ಆಹಾರ, ಭಯ, ಮೈಥುನ, ಪರಿಗ್ರಹ ಎಂಬ ನಾಲ್ಕು ಮೂಲಪ್ರೇರಣೆಗಳಿಗೆ ಅವರು ಸಂಜ್ಞೆಗಳೆಂದೇ ಹೆಸರಿಟ್ಟರು. ಆಹಾರಸಂಜ್ಞೆ ಎಂಬ ಮಾತಿನ ಮೇಲೆ ಒಂದು ಗಳಿಗೆ ನಿಲ್ಲೋಣ: ಹಸಿವು, ಅನ್ನ, ಅನ್ನ ಬಂತೆಂಬ ಅರಿವು, ಇವೆಲ್ಲ ಮನಸ್ಸಿಗಿಂತ ಕೆಳಗಿನ ಮಜಲಿನಲ್ಲಿ ದೇಹದೊಳಗೇ ನಡೆಯುವ ತಿಳಿವಳಿಕೆ ಎಂಬ ಒಳನೋಟ ಅದರಲ್ಲಿದೆ.

ವೈದ್ಯರು ಈ ಅರ್ಥವನ್ನು ಇನ್ನಷ್ಟು ಮೈಗೂಡಿಸಿದರು. ಸುಶ್ರುತಸಂಹಿತೆಯ ಉತ್ತರತಂತ್ರ ಮೂರ್ಛೆಯನ್ನು ವಿವರಿಸುವಾಗ ಸಂಜ್ಞಾವಹ ನಾಡಿಗಳ ಮಾತೆತ್ತುತ್ತದೆ: ದೋಷಗಳು ಆ ನಾಡಿಗಳನ್ನು ಮುಚ್ಚಿದಾಗ ಮನುಷ್ಯ ಕಟ್ಟಿಗೆಯಂತೆ ಬೀಳುತ್ತಾನೆ. ಸಂಜ್ಞೆಯನ್ನು ಹೊತ್ತು ಸಾಗಿಸುವ ದಾರಿ ಎಂಬ ಈ ಕಲ್ಪನೆಯ ಸೊಗಸನ್ನು ನೋಡಿ. ಅರಿವು ಎಲ್ಲೋ ಒಂದೆಡೆ ಕೂತ ವಸ್ತುವಲ್ಲ, ಹಾದಿಯುದ್ದಕ್ಕೂ ಹಾಯುವ ಕ್ರಿಯೆ. ಅದೇ ಉತ್ತರತಂತ್ರ ಕಣ್ಣಿನ ಪದರಗಳನ್ನು ಪಟಲಗಳೆಂದು ಕರೆದು, ದೋಷ ಒಂದೊಂದೇ ಪಟಲಕ್ಕೆ ಇಳಿದಂತೆ ದೃಷ್ಟಿ ಹೇಗೆ ಮಂಕಾಗುತ್ತದೆಂದು ಬಣ್ಣಿಸುತ್ತದೆ. ಕಣ್ಣಿನ ಹಿಂಗೋಡೆಗೆ ಅಂಟಿಕೊಂಡ, ಬೆಳಕನ್ನು ಹಿಡಿಯುವ ನರಕೋಶಗಳ ಪೊರೆಗೆ ಇಂದು ನಾವು ಅಕ್ಷಿಪಟಲ ಎನ್ನುವಾಗ ಆ ಪಟಲವೇ ಹೊಸ ಕೆಲಸಕ್ಕೆ ಸೇರಿಕೊಂಡಿದೆ. ಶಸ್ತ್ರಚಿಕಿತ್ಸೆಗೆ ಮೊದಲು ಎಚ್ಚರ ತಪ್ಪಿಸುವುದಕ್ಕೆ ಸಂಸ್ಕೃತದ ಜಾಡಿನಲ್ಲಿ ಸಂಜ್ಞಾಹರಣ ಎಂಬ ಪದವಿದ್ದರೆ, ಕನ್ನಡ ಅರಿವಳಿಕೆ ಎಂಬ ಅಚ್ಚುಕಟ್ಟಾದ ಮಾತನ್ನು ಕಟ್ಟಿಕೊಂಡಿತು. ಎರಡರಲ್ಲೂ ಸಂಜ್ಞೆಗೆ ಅರಿವೇ ಸಮಾನಪದ.

ಪುರಾಣದ ಕವಲನ್ನು ಬಿಟ್ಟರೆ ಈ ವಂಶಾವಳಿ ಪೂರ್ಣವಾಗದು. ಋಗ್ವೇದದ ಸರಣ್ಯೂ ಪುರಾಣಗಳಿಗೆ ಬರುವಾಗ ಸಂಜ್ಞೆಯಾಗುತ್ತಾಳೆ. ಗಂಡನಾದ ಸೂರ್ಯನ ಪ್ರಖರತೆಯನ್ನು ತಾಳಲಾರದೆ ತನ್ನ ಜಾಗದಲ್ಲಿ ಛಾಯೆಯನ್ನು ನಿಲ್ಲಿಸಿ ಹೊರಟುಹೋಗಿ, ಹೆಣ್ಣುಕುದುರೆಯ ರೂಪದಲ್ಲಿದ್ದಾಗ ಅಶ್ವಿನೀ ದೇವತೆಗಳನ್ನು ಹಡೆಯುತ್ತಾಳೆ. ಆ ಅಶ್ವಿನಿಗಳೇ ದೇವವೈದ್ಯರು. ಎಕ್ಕದ ಎಲೆ ತಿಂದು ಕುರುಡಾಗಿ ಬಾವಿಗೆ ಬಿದ್ದ ಉಪಮನ್ಯುವಿಗೆ ಕಣ್ಣು ಮರಳಿ ಕೊಟ್ಟವರೆಂದು ಮಹಾಭಾರತದ ಆದಿಪರ್ವ ಹೇಳುತ್ತದೆ. ಬೆಳಕಿಗೆ ಹೆಂಡತಿಯೂ ಕಣ್ಣುವೈದ್ಯರಿಗೆ ತಾಯಿಯೂ ಆದ ಸಂಜ್ಞೆ! ಅರಿವು ಮತ್ತು ನೋಟಗಳ ನಂಟನ್ನು ಕಥೆ ಕಟ್ಟಿದವರು ಎಷ್ಟು ಆಳವಾಗಿ ಬಲ್ಲವರಾಗಿದ್ದರು ಎಂದು ಯೋಚಿಸಿದಷ್ಟೂ ಸಂತೋಷವಾಗುತ್ತದೆ.

ಈಗ ಕನ್ನಡದ ಅಂಗಳಕ್ಕೆ ಬರೋಣ. ಪ್ರಾಕೃತದ ಸಣ್ಣಾ ರೂಪವನ್ನು ಹಾದು ಸಂಜ್ಞೆ ನಮ್ಮಲ್ಲಿ ಸನ್ನೆಯಾಯಿತು. ಜ್ಞಕಾರವನ್ನು ಕನ್ನಡದ ನಾಲಿಗೆ ಹೇಗೆ ಪಳಗಿಸಿಕೊಂಡಿತೆಂಬುದೇ ಒಂದು ಚೆಲುವಾದ ಅಧ್ಯಾಯ: ಯಜ್ಞ ಜನ್ನವಾಯಿತು, ಆಜ್ಞೆ ಆಣೆಯಾಯಿತು, ರಾಜ್ಞಿ ರಾಣಿಯಾದಳು, ವಿಜ್ಞಾಪನೆ ಬಿನ್ನಪವಾಗಿ ಬಿನ್ನಹವಾಯಿತು, ವಿಜ್ಞಾನ ಬಿನ್ನಣವಾಗಿ ಕುಶಲಿಗರ ಕೈಚಳಕಕ್ಕೆ ಹೆಸರಾಯಿತು. ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಇಂಥ ತದ್ಭವಗಳಿಗೆ ಅಪಭ್ರಂಶ ಪ್ರಕರಣವನ್ನೇ ಮೀಸಲಿಟ್ಟ. ತೆಲುಗರ ಕನುಸನ್ನ, ತಮಿಳರ ಸನ್ನೈ, ಹಿಂದಿಯವರ ಸೈನ್ ಎಲ್ಲ ಇದೇ ಬಳ್ಳಿಯ ಕುಡಿಗಳು. ಧ್ವನಿಯಲ್ಲಿ ಬಲು ಹತ್ತಿರವಿರುವ ಸೊನ್ನೆ ಮಾತ್ರ ಬೇರೆ ಮನೆಯದು, ಅದು ಶೂನ್ಯದ ಮಗಳು.

ಸನ್ನೆಯಾದ ಮೇಲೆ ಸಂಜ್ಞೆ ತನ್ನ ಶಾಸ್ತ್ರದ ಬಿಗುವನ್ನು ಕಳಚಿ ಮೈಯೆಲ್ಲ ಸಂಚರಿಸಿತು. ಕೈಸನ್ನೆ, ಬೆರಳ ಸನ್ನೆ, ಹುಬ್ಬಿನ ಸನ್ನೆ, ಕಣ್ಸನ್ನೆ, ಬಾಯಿ ಬಾರದವರ ಸನ್ನೆಮಾತು, ಕಾಳಗದ ವರ್ಣನೆಗಳಲ್ಲಿ ದಂಡಿಗೆಲ್ಲ ಕೇಳುವಂತೆ ಮೊಳಗುವ ಸನ್ನೆಗಹಳೆ. ನೆರೆಯ ಪದಗಳ ಪಕ್ಕದಲ್ಲಿಟ್ಟು ನೋಡಿದರೆ ಇದರ ಗುಣ ತಿಳಿಯುತ್ತದೆ. ಕುರುಹು ಇದ್ದಲ್ಲೇ ಇರುವ ಗುರುತು, ನೋಡುವವರಿಲ್ಲದಿದ್ದರೂ ಅಳಿಯದು. ಇಂಗಿತ ಬಯಸದೆಯೂ ಮುಖದಲ್ಲಿ ಹೊಮ್ಮಿಬಿಡುವಂಥದು. ಸಂಕೇತದಲ್ಲಿ ಮೊದಲೇ ಮಾಡಿಕೊಂಡ ಕಟ್ಟುಪಾಡಿನ ವಾಸನೆಯಿದೆ. ಕಾವ್ಯಗಳ ಅಭಿಸಾರಿಕೆ ಕಾಯುವ ತಾಣ ಸಂಕೇತಸ್ಥಾನ. ಸೂಚನೆ ಬಾಯಿಬಿಟ್ಟೋ ಬರೆದೋ ತಿಳಿಸುವ ಮಾತು. ಸನ್ನೆಗೆ ಮಾತಿಲ್ಲ, ಆದರೆ ಉದ್ದೇಶವಿದೆ. ಸದ್ದಿನ ಹಂಗಿಲ್ಲ, ಆದರೆ ಎದುರಿಗೆ ಅದಕ್ಕಾಗಿಯೇ ಕಾದಿರುವ ಕಣ್ಣೊಂದು ಬೇಕು. ಕಂಡವನು ತಿಳಿದು ನಡೆದಾಗಲೇ ಸನ್ನೆ ಸನ್ನೆಯಾಗುತ್ತದೆ, ಕಾಣದವನ ಮುಂದೆ ಅದು ಬರಿಯ ಕೈಯಾಟ.

ಈ ಗುಣವನ್ನು ಮನಸ್ಸಿನಲ್ಲಿಟ್ಟುಕೊಂಡು ಇನ್ಸುಲಿನ್ನಿನ ಬಳಿ ಹೋಗೋಣ. ಅದರ ಹೆಸರೇ ದ್ವೀಪದ ಹೆಸರು: 1869ರಲ್ಲಿ ಪೌಲ್ ಲ್ಯಾಂಗರ್‌ಹಾನ್ಸ್ ಮೇದೋಜೀರಕ ಗ್ರಂಥಿಯಲ್ಲಿ ಗುರುತಿಸಿದ ಕೋಶಗುಚ್ಛಗಳು ದ್ವೀಪಗಳೆನಿಸಿಕೊಂಡವು, ಅಲ್ಲಿಂದ ಒಸರುವ ವಸ್ತುವಿಗೆ ದ್ವೀಪವಾಚಕವಾದ ಲ್ಯಾಟಿನ್ ಇನ್ಸುಲಾ ಪದದಿಂದ ಹೆಸರು ಹುಟ್ಟಿತು. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅದನ್ನು ಬೇರ್ಪಡಿಸಿ ತೆಗೆದರು, 1922ರ ಜನವರಿಯಲ್ಲಿ ಮಧುಮೇಹದಿಂದ ಸಾಯುವಂತಿದ್ದ ಹುಡುಗನೊಬ್ಬನಿಗೆ ಮೊದಲ ಚುಚ್ಚುಮದ್ದು ಬಿತ್ತು. 51 ಅಮೈನೋ ಆಮ್ಲಗಳ ಆ ಪುಟ್ಟ ಪ್ರೋಟೀನಿನ ಮೂರು ಆಯಾಮಗಳ ರೂಪವನ್ನು 1969ರಲ್ಲಿ ಆಕ್ಸ್‌ಫರ್ಡಿನಲ್ಲಿ ಡೊರೊತಿ ಹಾಡ್ಜ್‌ಕಿನ್ ಅವರ ತಂಡ ಬಿಡಿಸಿತು. ಆ ತಂಡದಲ್ಲಿದ್ದ ಎಂ. ವಿಜಯನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೋಟೀನುಗಳ ಸ್ಫಟಿಕವಿಜ್ಞಾನಕ್ಕೆ ನೆಲೆ ಒದಗಿಸಿದರು. ಜನರ ಬಾಯಲ್ಲಿ ಮಾತ್ರ ಇನ್ಸುಲಿನ್ ಎಂದರೆ ಸಕ್ಕರೆ ಕಾಯಿಲೆಯ ಇಂಜೆಕ್ಷನ್ನು, ಸಕ್ಕರೆ ಇಳಿಸುವ ಮದ್ದು. ದೇಹದ ದೃಷ್ಟಿಯಿಂದ ನೋಡಿದರೆ ಅದು ಸಕ್ಕರೆಯನ್ನು ತಾನೇ ಮುಟ್ಟುವುದಿಲ್ಲ. ಊಟದ ಅನ್ನ ರಕ್ತಕ್ಕೆ ಇಳಿದಿದೆ ಎಂದು ಕೋಶಕೋಶಕ್ಕೂ ತಿಳಿಸುತ್ತದೆ, ಅಷ್ಟೇ. ಜೈನರ ಆಹಾರಸಂಜ್ಞೆ ಎಂಬ ಪದವನ್ನು ಎರವಲು ಪಡೆದು ಇದಕ್ಕಿಟ್ಟರೆ ಒಪ್ಪದೆ?

ತಿಳಿಸುವ ಬಗೆ ಹೀಗೆ. ಕೋಶದ ಹೊರಪೊರೆಯಲ್ಲಿ ಇನ್ಸುಲಿನ್ ಗ್ರಾಹಕವೊಂದು ನೆಟ್ಟು ನಿಂತಿದೆ. ಅದರ ಎರಡು ಆಲ್ಫಾ ಭಾಗಗಳು ಹೊರಗೆ, ಎರಡು ಬೀಟಾ ಭಾಗಗಳು ಪೊರೆಯನ್ನು ತೂರಿ ಒಳಗೆ. ಇನ್ಸುಲಿನ್ ಹೊರಗಿನ ಭಾಗಕ್ಕೆ ತಗುಲಿದೊಡನೆ ಒಳಗಿನ ಬೀಟಾ ಭಾಗಗಳು ಒಂದರ ಮೇಲೊಂದು ಫಾಸ್ಫೇಟಿನ ಮುದ್ರೆ ಒತ್ತಿಕೊಳ್ಳುತ್ತವೆ. ಇನ್ಸುಲಿನ್ ತಾಕಿದಾಗ ಗ್ರಾಹಕದ ಮೇಲೇ ಈ ಮುದ್ರೆ ಬೀಳುತ್ತದೆಂದು 1982ರಲ್ಲಿ ತಿಳಿದುಬಂತು. ಮುದ್ರೆ ಬಿದ್ದ ಗ್ರಾಹಕಕ್ಕೆ ಐಆರ್‌ಎಸ್ ಎಂಬ ಪ್ರೋಟೀನುಗಳು ಬಂದು ಕೂಡುತ್ತವೆ, ಅವು ಪಿಐ3-ಕೈನೇಸ್ ಎಂಬ, ಫಾಸ್ಫೇಟ್ ಅಂಟಿಸುವ ಕಿಣ್ವವನ್ನು ಕರೆಯುತ್ತವೆ, ಅದು ಪೊರೆಯ ಒಳಮೈಯ ಕೊಬ್ಬಿನ ಅಣುಗಳನ್ನು ಮಾರ್ಪಡಿಸಿ ಆಕ್ಟ್ ಎಂಬ ಇನ್ನೊಂದು ಕೈನೇಸಿಗೆ ನಿಲ್ಲಲು ಜಾಗ ಮಾಡಿಕೊಡುತ್ತದೆ, ಆಕ್ಟ್ ಎದ್ದು ಎಂಟಾರ್ ಎಂಬುದನ್ನು ಎಬ್ಬಿಸುತ್ತದೆ. ಹೊರಗೆ ತಗುಲಿದ ಇನ್ಸುಲಿನ್ ಈ ಸರಪಣಿಯ ಕೊನೆಯವರೆಗೆ ನಡೆದು ಬರುವುದಿಲ್ಲ. ಸಾಗುವುದು ವಸ್ತುವಲ್ಲ, ಅರಿವು. ವಿಜ್ಞಾನಿಗಳು ಪಥವೆಂದು ಕರೆಯುವ ಈ ಸಾಲಿಗೆ ಸಂಜ್ಞಾವಹ ಎಂಬ ಸುಶ್ರುತನ ಪದ ಒಗ್ಗಿಬರುವಷ್ಟು ಇನ್ನಾವುದೂ ಒಗ್ಗದು. ಆತ ಹೇಳಿದ್ದು ಮನುಷ್ಯನ ಎಚ್ಚರವನ್ನು ಸಾಗಿಸುವ ನಾಡಿಗಳನ್ನು, ಇಲ್ಲಿರುವುದು ಕೋಶದೊಳಗಿನ ಅಣುಗಳು. ಆದರೂ ಹೊತ್ತು ದಾಟಿಸುವ ಕ್ರಿಯೆಯ ಆಕಾರ ಒಂದೇ.

ಅಕ್ಷಿಪಟಲದ ವಿಷಯಕ್ಕೆ ಬಂದಾಗ ಈ ಪದದ ಒಳಮುಖದ ಅರ್ಥ ಮತ್ತೆ ತಲೆಯೆತ್ತುತ್ತದೆ. ಸ್ನಾಯುವಿಗೆ ಸಕ್ಕರೆ ಒಳಗೆಳೆದುಕೊಳ್ಳಲು ಇನ್ಸುಲಿನ್ ನೆರವು ಬೇಕು. ಅಕ್ಷಿಪಟಲಕ್ಕೆ ಬೇಡ, ಅದರ ಸಕ್ಕರೆ ಇನ್ಸುಲಿನ್ನನ್ನು ಕೇಳದ ಬಾಗಿಲಿನಿಂದಲೇ ಒಳಬರುತ್ತದೆ. ಹಾಗಿದ್ದರೂ ಅಲ್ಲಿ ಇನ್ಸುಲಿನ್ ಗ್ರಾಹಕಗಳಿವೆ. ಯಾಕಿವೆ? ಅಮೆರಿಕದ ಪೆನ್ಸಿಲ್ವೇನಿಯಾದ ಹರ್ಷಿಯಲ್ಲಿ ಇಲಿಗಳ ಮೇಲೆ ನಡೆದ ಅಧ್ಯಯನಗಳು ಸುಳಿವು ಕೊಟ್ಟವು. ಯಕೃತ್ತಿನ ಗ್ರಾಹಕ ಉಂಡಾಗ ಏರಿ ಉಪವಾಸದಲ್ಲಿ ಇಳಿಯುತ್ತದೆ, ಅಕ್ಷಿಪಟಲದ ಗ್ರಾಹಕವೋ ಉಂಡರೂ ಉಪವಾಸವಿದ್ದರೂ ಒಂದೇ ಮಟ್ಟದಲ್ಲಿ ಜಾಗೃತವಾಗಿರುತ್ತದೆ. 2001ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಪೋಷಕದ್ರವ ತಪ್ಪಿಸಿದ ಅಕ್ಷಿಪಟಲದ ನರಕೋಶಗಳು ತಾವಾಗಿ ಸಾಯತೊಡಗಿದಾಗ ಇನ್ಸುಲಿನ್ ಕೊಟ್ಟರೆ, ಪಿಐ3-ಕೈನೇಸ್ ಮತ್ತು ಆಕ್ಟ್‌ಗಳ ದಾರಿಯಲ್ಲಿ ಕೋಶಹತ್ಯೆಯ ಕಿಣ್ವವಾದ ಕ್ಯಾಸ್ಪೇಸ್-3 ತಗ್ಗಿ ಕೋಶಗಳು ಉಳಿದುಕೊಂಡವು. ಅಂದರೆ ಇಲ್ಲಿ ಇನ್ಸುಲಿನ್ ಹೇಳುವ ಮಾತು ಸಕ್ಕರೆಯದಲ್ಲ, ಬದುಕಿನದು. ಮೂರ್ಛೆ ತಿಳಿದವನು ಸಂಜ್ಞೆ ಪಡೆದ ಎನ್ನುವ ಹಳಗಾಲದ ಮಾತನ್ನೇ ಕೋಶದ ಮಟ್ಟಕ್ಕೆ ಇಳಿಸಿದಂತಿದೆ: ಗುರುತು ಎಂಬರ್ಥದ ಸಂಜ್ಞೆ ತಲುಪುತ್ತಿರುವವರೆಗೆ ಚೈತನ್ಯ ಎಂಬರ್ಥದ ಸಂಜ್ಞೆ ಉಳಿಯುತ್ತದೆ.

ಇನ್ನೂ ಒಂದು ಸಂಗತಿಯನ್ನು ಸೂರ್ಯಪತ್ನಿಯ ಕಥೆ ಬಲ್ಲ ನಾವು ಹೇಳದೆ ಬಿಡಲಾರೆವು. ಓಕ್ಲಹೋಮದಲ್ಲಿ ರಾಜು ರಾಜಲ ಮತ್ತು ಅವರ ಸಂಗಡಿಗರು 2002ರಲ್ಲಿ ತೋರಿಸಿದಂತೆ, ಮಂದಬೆಳಕಿನಲ್ಲಿ ನೋಡುವ ದಂಡಕೋಶಗಳ ಇನ್ಸುಲಿನ್ ಗ್ರಾಹಕದ ಮೇಲೆ ಬೆಳಕು ಬಿದ್ದಾಗಲೂ ಫಾಸ್ಫೇಟಿನ ಮುದ್ರೆ ಬೀಳುತ್ತದೆ. ಬೆಳಕೇ ಆ ಗ್ರಾಹಕವನ್ನು ಎಚ್ಚರಿಸುತ್ತದೆ. ಕಣ್ಣಿನಲ್ಲಿ ಇನ್ಸುಲಿನ್ ಗ್ರಾಹಕ ಅನ್ನದ ಸನ್ನೆಯನ್ನಷ್ಟೇ ಅಲ್ಲ, ಬೆಳಕಿನ ಸನ್ನೆಯನ್ನೂ ತಿಳಿಯಬಲ್ಲುದು.

ಹಾಗಾದರೆ ಕಾಯಿಲೆ ಎಲ್ಲಿ? ಇನ್ಸುಲಿನ್ ತಯಾರಿಸುವ ಕೋಶಗಳನ್ನು ನಾಶಮಾಡಿ ಮಧುಮೇಹ ಬರಿಸಿದ ಇಲಿಗಳಲ್ಲಿ ವಾರಗಳು ಕಳೆದಂತೆ ಅಕ್ಷಿಪಟಲದ ಗ್ರಾಹಕದ ಈ ಸದಾಜಾಗೃತಿ ಕುಗ್ಗುತ್ತದೆ, ಅದರ ಹಿಂದಿನ ಸಾಲೂ ಒಂದೊಂದಾಗಿ ಮಂಕಾಗುತ್ತದೆ ಎಂದು ಅದೇ ಹರ್ಷಿಯ ತಂಡ 2006ರಲ್ಲಿ ವರದಿ ಮಾಡಿತು. ಮೈಗೆಲ್ಲ ಇನ್ಸುಲಿನ್ ಕೊಟ್ಟಾಗಲೂ ಕಣ್ಣಿಗೆ ಮಾತ್ರ ಕೊಟ್ಟಾಗಲೂ ಆ ಜಾಗೃತಿ ಮರಳಿತು. ಕನ್ನಡದಲ್ಲಿ ಈ ಎರಡರ ವ್ಯತ್ಯಾಸಕ್ಕೆ ಸಿದ್ಧವಾದ ಮಾತುಗಳಿವೆ: ರಕ್ತದಲ್ಲಿ ಹರಿಯುವ ಇನ್ಸುಲಿನ್ ದಂಡಿಗೆಲ್ಲ ಕೇಳುವ ಸನ್ನೆಗಹಳೆ, ಯಕೃತ್ತು, ಸ್ನಾಯು, ಕೊಬ್ಬು ಎಲ್ಲವೂ ಅದಕ್ಕೆ ಓಗೊಡುತ್ತವೆ, ಕಣ್ಣಿಗೆ ಹಾಕಿದ ಹನಿ ಬೇಕಾದವರಿಗಷ್ಟೇ ಕಾಣುವ ಕಣ್ಸನ್ನೆ. ಕಹಳೆಯನ್ನು ಜೋರಾಗಿ ಊದಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು ಎಂಬ ಭಯವೇ ಸಂಶೋಧಕರನ್ನು ಕಣ್ಸನ್ನೆಯ ಕಡೆಗೆ ಸೆಳೆದ ಕಾರಣಗಳಲ್ಲೊಂದು.

ಹನಿಯ ಚರಿತ್ರೆಯೂ ಅರ್ಥಪಲ್ಲಟದ ಚರಿತ್ರೆಯೇ. 1931ರಲ್ಲಿ ಕ್ರಿಸ್ಟಿ ಮತ್ತು ಹ್ಯಾನ್ಜಲ್ ಮೊಲಗಳ ಕಣ್ಣಿನ ಹೊರಮೈಯ ತೆಳುಪೊರೆ ಇನ್ಸುಲಿನ್ನನ್ನು ಹೀರುವುದೇ ಎಂದು ಪರೀಕ್ಷಿಸಿದಾಗ ಕಣ್ಣು ಅವರಿಗೆ ದಾರಿ ಮಾತ್ರ. ಸೂಜಿಯ ಬದಲು ಹನಿಯಿಂದ ರಕ್ತಕ್ಕೆ ಮದ್ದು ತಲುಪೀತೇ ಎಂಬ ಕುತೂಹಲ ಅದು. 1945ರಲ್ಲಿ ಐನ್ಸ್‌ಲಿ ಎಂಬ ವೈದ್ಯರು ಕಾರ್ನಿಯಾದ ಹುಣ್ಣಿಗೆ ಇನ್ಸುಲಿನ್ ಬಳಸಿದ್ದನ್ನು ಬ್ರಿಟನ್ನಿನ ನೇತ್ರಶಾಸ್ತ್ರ ಪತ್ರಿಕೆಯಲ್ಲಿ ಬರೆದಾಗ ಕಣ್ಣೇ ಗುರಿಯಾಯಿತು. ಈಗ, ಬಹುಕಾಲ ಮಾಯದ ಕಾರ್ನಿಯಾದ ಗಾಯಗಳಿಗೆ ತೆಳುವಾಗಿಸಿದ ಇನ್ಸುಲಿನ್ ಹನಿಯನ್ನು ನೇತ್ರತಜ್ಞರು ಹಲವೆಡೆ ಬಳಸುತ್ತಿದ್ದಾರೆ. ಇವೆಲ್ಲ ಕಣ್ಣಿನ ಮುಂಭಾಗದ ಕಥೆ, ಅಕ್ಷಿಪಟಲವಿರುವುದು ಹಿಂಭಾಗದಲ್ಲಿ. ಕಣ್ಣಿಗೆ ಬಿದ್ದ ಹನಿಯ ಹೆಚ್ಚಿನ ಪಾಲು ಕೆಲವೇ ನಿಮಿಷಗಳಲ್ಲಿ ಕಣ್ಣೀರಿನೊಡನೆ ಮೂಗಿನ ಕಡೆಗೆ ಜಾರಿಹೋಗುತ್ತದೆ, ಉಳಿದದ್ದರಲ್ಲಿ ಒಂದು ಅಂಶ ಮಾತ್ರ ಬಿಳಿಗುಡ್ಡೆಯ ಪೊರೆಗಳನ್ನು ಬಳಸಿ ಹಿಂದಕ್ಕೆ ಸಾಗಬಲ್ಲುದು. ಆದರೂ ಇಲಿಗಳ ಕಣ್ಣಿಗೆ ಹಾಕಿದ ಇನ್ಸುಲಿನ್ ಅಕ್ಷಿಪಟಲದಲ್ಲೂ ದೃಷ್ಟಿನರದಲ್ಲೂ ಸಿಕ್ಕಿದೆ. ಸನ್ನೆಗೆ ಸದ್ದು ಬೇಡ, ನೋಡುವ ಕಣ್ಣು ಬೇಕು ಎಂದೆವಲ್ಲ. ಅಲ್ಪ ಪ್ರಮಾಣವೂ ಸಾಕಾಗಬಹುದಾದದ್ದು ಗ್ರಾಹಕ ಅಷ್ಟು ಸೂಕ್ಷ್ಮವಾಗಿರುವುದರಿಂದ.

2018ರಲ್ಲಿ ಮಾಂಟ್ರಿಯಾಲ್ ವಿಶ್ವವಿದ್ಯಾಲಯದ ಆಡ್ರಿಯಾನಾ ಡಿ ಪೋಲೊ ಅವರ ತಂಡ ಪ್ರಕಟಿಸಿದ ಕೆಲಸ ಈ ಹಾದಿಯಲ್ಲಿ ಬಲು ಮುಖ್ಯವಾದದ್ದು. ಗ್ಲಾಕೋಮದಂಥ ಕಾಯಿಲೆಗಳಲ್ಲಿ ಅಕ್ಷಿಪಟಲದ ಗ್ಯಾಂಗ್ಲಿಯಾನ್ ಕೋಶಗಳು ಸಾಯುವ ಮೊದಲೇ ತಮ್ಮ ಡೆಂಡ್ರೈಟುಗಳನ್ನು, ಎಂದರೆ ಬೇರೆ ಕೋಶಗಳ ಮಾತು ಕೇಳುವ ಕವಲುಗಳನ್ನು, ಒಳಗೆಳೆದುಕೊಳ್ಳುತ್ತವೆ. ಆ ತಂಡದವರು ಪುಟ್ಟ ಸುಂಡಿಲಿಗಳ ದೃಷ್ಟಿನರಕ್ಕೆ ಗಾಯ ಮಾಡಿ, ಕವಲುಗಳು ಮುದುಡಿದ ಮೇಲೆ ದಿನವೂ ಇನ್ಸುಲಿನ್ ಹನಿ ಹಾಕಿದರು. ಕವಲುಗಳು ಮತ್ತೆ ಚಾಚಿಕೊಂಡವು, ಕಳೆದುಹೋದ ಸಿನಾಪ್ಸುಗಳು, ಎಂದರೆ ನರಕೋಶಗಳ ನಡುವಿನ ಸಂಧಿಗಳು, ಮರಳಿ ಕೂಡಿದವು, ಬೆಳಕಿಗೆ ಕೋಶಗಳು ಕೊಡುವ ಪ್ರತಿಕ್ರಿಯೆಯೂ ಸುಧಾರಿಸಿತು. ಎಂಟಾರ್ ಪ್ರೋಟೀನು ಕಟ್ಟಿಕೊಳ್ಳುವ ಎರಡು ಸಂಕೀರ್ಣಗಳೂ ಈ ಚೇತರಿಕೆಯಲ್ಲಿ ಪಾಲುಗೊಂಡಿದ್ದವು. ಇದನ್ನು ಓದುವಾಗ ಪದಪ್ರಿಯರಿಗೆ ಹೊಳೆಯದಿರದು: ಇಲ್ಲಿ ಒಂದು ಸನ್ನೆ ಬಂದು ಮಾಡಿದ ಕೆಲಸ, ಇತರ ಸನ್ನೆಗಳನ್ನು ತಿಳಿಯುವ ಶಕ್ತಿಯನ್ನೇ ಕೋಶಕ್ಕೆ ಮರಳಿಸಿದ್ದು. ಒಟ್ಟಾಗಿ ಅರಿಯುವುದು ಎಂಬ ಸಂಜ್ಞೆಯ ಮೂಲಾರ್ಥ ಪ್ರಯೋಗಶಾಲೆಯಲ್ಲಿ ಕಣ್ಣಿಗೆ ಕಾಣುವಂತಾಯಿತು.

ಇಷ್ಟಾದರೂ ಪ್ರಾಣಿಗಳಲ್ಲಿ ಕಂಡದ್ದನ್ನು ಮನುಷ್ಯರ ಮೇಲೆ ನೇರವಾಗಿ ಆರೋಪಿಸುವ ಅವಸರ ನಮಗೆ ಬೇಡ. ಮನುಷ್ಯನ ಕಣ್ಣು ದೊಡ್ಡದು, ಹನಿ ಹಿಂಭಾಗಕ್ಕೆ ಸಾಗಬೇಕಾದ ದೂರವೂ ಹೆಚ್ಚು. ಇನ್ಸುಲಿನ್ ಬೆಳವಣಿಗೆಯನ್ನೂ ಪ್ರಚೋದಿಸುವ ಹಾರ್ಮೋನು. ಮಧುಮೇಹದ ಕಣ್ಣಿನಲ್ಲಿ ಬೇಡದ ರಕ್ತನಾಳಗಳು ಚಿಗುರುವ ಅಪಾಯ ಮೊದಲೇ ಇರುವಾಗ ಅದರ ಪ್ರಮಾಣವನ್ನು ಎಚ್ಚರದಿಂದ ತೂಗಬೇಕಾಗುತ್ತದೆ. ಮಧುಮೇಹದ ಅಕ್ಷಿಪಟಲರೋಗಕ್ಕೆ ಇಂದು ರೂಢಿಯಲ್ಲಿರುವುದು ಲೇಸರ್, ಕಣ್ಣಿನೊಳಗೆ ಕೊಡುವ ಚುಚ್ಚುಮದ್ದು, ಶಸ್ತ್ರಚಿಕಿತ್ಸೆ, ಇವೆಲ್ಲಕ್ಕೂ ಮೊದಲು ಸಕ್ಕರೆ ಮತ್ತು ರಕ್ತದೊತ್ತಡಗಳ ಹತೋಟಿ ಮತ್ತು ವರ್ಷವರ್ಷದ ಕಣ್ಣಿನ ತಪಾಸಣೆ. ಚುಚ್ಚುಮದ್ದಿನ ಇನ್ಸುಲಿನ್ನನ್ನು ಯಾರೂ ತಾವಾಗಿ ಕಣ್ಣಿಗೆ ಹಾಕಿಕೊಳ್ಳಬಾರದು.

ಕೊನೆಗೆ ಪದದ ಆಯ್ಕೆ. ಸಂಕೇತ ಎಂದರೆ ಕಳಿಸುವವನ ಕಡೆಗೇ ಗಮನ ಹೋಗುತ್ತದೆ, ಕಟ್ಟುಪಾಡಿನ ಕಡೆಗೆ ಹೋಗುತ್ತದೆ. ಅಕ್ಷಿಪಟಲದ ಸಂಶೋಧನೆ ಒತ್ತಿ ಹೇಳುತ್ತಿರುವುದು ತಿಳಿಯುವವನ ಕಥೆಯನ್ನು: ಇನ್ಸುಲಿನ್ ಸುತ್ತ ಇದ್ದರೂ ಗ್ರಾಹಕ ಮಂಕಾದರೆ ಏನೂ ನಡೆಯದು. ಆದಕಾರಣ ಶಾಸ್ತ್ರೀಯ ಬರಹಕ್ಕೆ ಕೋಶಸಂಜ್ಞೆ, ಮಾತಿಗೂ ಶಾಲೆಗೂ ಕೋಶಸನ್ನೆ, ಅಣುಗಳ ಸಾಲಿಗೆ ಸಂಜ್ಞಾವಹ ಎಂದು ಬಳಸೋಣ ಎಂಬುದು ನನ್ನ ಬಿನ್ನಹ. ಇನ್ಸುಲಿನ್ ಪ್ರತಿರೋಧ ಎಂದು ಈಗ ಬರೆಯುತ್ತಿರುವ ಸ್ಥಿತಿಯಲ್ಲಿ ಕೋಶ ಯಾರನ್ನೂ ಪ್ರತಿರೋಧಿಸುತ್ತಿಲ್ಲ, ಬಂದ ಸನ್ನೆಯನ್ನು ಕಾಣಲಾರದೆ ನಿಂತಿದೆ. ಬಣ್ಣಗುರುಡು ಎಂಬ ಪದವನ್ನು ಸಲೀಸಾಗಿ ಕಟ್ಟಿಕೊಂಡ ಕನ್ನಡಕ್ಕೆ ಸನ್ನೆಗುರುಡು ಎಂಬುದೂ ಹೊರೆಯಾಗದು. ಹಾಗೆ ಹೇಳಿದರೆ, ಸಕ್ಕರೆ ಕಾಯಿಲೆಯವರಿಗೆ ತಮ್ಮ ಕಣ್ಣಿನಲ್ಲಿ ಆಗುತ್ತಿರುವುದೇನೆಂದು ವೈದ್ಯರು ವಿವರಿಸುವಾಗ ಇಬ್ಬರ ನಡುವೆ ಆ ಪದ ಒಂದೇ ಅರ್ಥದಲ್ಲಿ ನಿಲ್ಲುತ್ತದೆ. ವ್ಯಾಕರಣದ ಮೊದಲ ಪ್ರಕರಣ ಸಂಜ್ಞೆಯಿಂದ ಬಯಸಿದ್ದೂ ಅದನ್ನೇ.